ನಾನು ಎಂಥ ಮ್ಯಾನೇಜರ್?

ಪ್ರಶ್ನೆ: ಒಂಬತ್ತು ಜನರ ತಂಡಕ್ಕೆ ನಾನು ಮ್ಯಾನೇಜರ್. ನಾಯಕತ್ವದ ಶೈಲಿ ಹೇಳುವ ಪ್ರಶ್ನಾವಳಿ ತುಂಬಿದಾಗಲೆಲ್ಲ ‘ಪ್ರಜಾಸತ್ತಾತ್ಮಕ’ ಎಂದೇ ಬರುತ್ತದೆ. ಆದರೆ ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಸಣ್ಣಪುಟ್ಟದಕ್ಕೂ ನನ್ನ ಒಪ್ಪಿಗೆಗೆ ಕಾಯುತ್ತಾರೆ. ಎಲ್ಲಿ ತಪ್ಪಿದೆ?

ಉತ್ತರ: ಪ್ರಶ್ನಾವಳಿಗೆ ತಿಳಿಯುವುದು ನಿಮ್ಮ ಬಗ್ಗೆ ನೀವೇ ಅಂದುಕೊಂಡಿರುವುದು ಮಾತ್ರ. ‘ತಂಡದ ಅಭಿಪ್ರಾಯ ಕೇಳುತ್ತೀರಾ?’ ಎಂದರೆ ‘ಇಲ್ಲ’ ಎಂದು ಗುರುತು ಹಾಕುವ ಮ್ಯಾನೇಜರ್ ಅಪರೂಪ. ನಿರಂಕುಶ, ಪ್ರಜಾಸತ್ತಾತ್ಮಕ, ಅವರ ಪಾಡಿಗೆ ಬಿಡುವುದು ಎಂಬ ಮೂರು ಶೈಲಿಗಳ ಬಗ್ಗೆ ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಸಂಗಡಿಗರು 1939ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಲಕರ ಗುಂಪುಗಳಲ್ಲಿ ನಡೆದದ್ದನ್ನು ವೀಕ್ಷಕರು ಕೂತು ದಾಖಲಿಸಿದ್ದರು. ನಿರಂಕುಶ ನಾಯಕ ಕೋಣೆಯಿಂದ ಹೊರಗೆ ಹೋದರೆ ಗುಂಪಿನ ಕೆಲಸ ಕುಸಿಯುತ್ತಿತ್ತು. ನೀವು ರಜೆ ಹಾಕಿದಾಗ ಏನೇನು ನಿಲ್ಲುತ್ತದೆ ಎಂದು ಮೊದಲು ನೋಡಿ.

ಆಮೇಲೆ ಎರಡು ವಾರ, ದಿನದ ಕೊನೆಗೆ ಹತ್ತು ನಿಮಿಷ, ಅಂದಿನ ನಿರ್ಧಾರಗಳನ್ನು ಬರೆದಿಡಿ. ನಾನೇ ನಿರ್ಧರಿಸಿ ತಿಳಿಸಿದ್ದಕ್ಕೆ 1, ಅವರನ್ನು ಕೇಳಿ ನಾನು ನಿರ್ಧರಿಸಿದ್ದಕ್ಕೆ 2, ಒಟ್ಟಿಗೆ ತೀರ್ಮಾನಿಸಿದ್ದಕ್ಕೆ 3, ಅವರಿಗೇ ಬಿಟ್ಟದ್ದಕ್ಕೆ 4. ಪಕ್ಕದಲ್ಲಿ ಇನ್ನೆರಡು ಕಾಲಂ ಇರಲಿ: ವಿಷಯ ಎತ್ತುವ ಮೊದಲೇ ಉತ್ತರ ನನ್ನ ತಲೆಯಲ್ಲಿತ್ತೇ? ಚರ್ಚೆಯಾದ ಮೇಲೆ ಅದು ಬದಲಾಯಿತೇ?

ನಿಜ ಹೊರಬೀಳುವುದು ಈ ಎರಡು ಕಾಲಂಗಳಲ್ಲಿ. ಉತ್ತರ ಮೊದಲೇ ಇತ್ತು, ಯಾವತ್ತೂ ಬದಲಾಗಲಿಲ್ಲ ಎಂದಾದರೆ ನೀವು ಹಾಕಿದ 2 ಮತ್ತು 3 ಎಲ್ಲ ಅಸಲಿಗೆ 1. ತಂಡಕ್ಕೆ ಇದು ಬೇಗ ಅರ್ಥವಾಗುತ್ತದೆ; ಕೇಳುವುದು ಶಾಸ್ತ್ರಕ್ಕೆ ಎಂದು ಗೊತ್ತಾದ ಮೇಲೆ ಯಾರು ಮಾತಾಡುತ್ತಾರೆ? ಹಾಗೆಯೇ, ಅವರಿಗೆ ಬಿಟ್ಟ ಕೆಲಸವನ್ನು ಕೊನೆಗೆ ನೀವೇ ತಿದ್ದಿ ಬರೆದಿದ್ದರೆ ಅದೂ 1. ನೇರವಾಗಿ ‘ಹೀಗೆ ಮಾಡಿ’ ಎನ್ನುವವರು ಇದಕ್ಕಿಂತ ವಾಸಿ, ಅಲ್ಲಿ ಗೊಂದಲವಾದರೂ ಇರುವುದಿಲ್ಲ.

ಸರಿಪಡಿಸಲು ಮೀಟಿಂಗಿನ ಆರಂಭದಲ್ಲೇ ಇದು ಯಾವ ಬಗೆಯ ನಿರ್ಧಾರ ಎಂದು ಹೇಳಿಬಿಡಿ: ‘ಇದು ಆಗಲೇ ತೀರ್ಮಾನವಾಗಿದೆ, ಜಾರಿ ಹೇಗೆ ಎಂದಷ್ಟೇ ಚರ್ಚೆ.’ ಅಭಿಪ್ರಾಯ ಬೇಕಿದ್ದಲ್ಲಿ ನಿಮ್ಮ ಮಾತು ಕೊನೆಗಿರಲಿ. ಒಪ್ಪಿಗೆಯ ವಿಷಯದಲ್ಲಿ ಪಟ್ಟಿಯೊಂದನ್ನು ಬರೆದು ಕೊಡಿ: ಯಾವುದನ್ನು ಕೇಳದೆ ಮಾಡಬಹುದು, ಯಾವುದನ್ನು ಮಾಡಿ ತಿಳಿಸಬೇಕು, ಯಾವುದಕ್ಕೆ ಮೊದಲೇ ಕೇಳಬೇಕು. ಮೊದಲ ಗುಂಪಿನ ಕೆಲಸವೊಂದು ಕೆಟ್ಟಾಗ ನೀವು ರೇಗಿದರೆ ಪಟ್ಟಿ ಅಲ್ಲಿಗೇ ಸತ್ತಂತೆ.

ಪ್ರಶ್ನೆ: ನಾನೂ ಮ್ಯಾನೇಜರ್. ನನ್ನ ಬಗ್ಗೆ ತಂಡದಿಂದಲೇ ಅಭಿಪ್ರಾಯ ಕೇಳೋಣವೆಂದರೆ ನನ್ನ ತಂಡದಲ್ಲಿ ಇರುವುದೇ ನಾಲ್ಕು ಜನ. ಹೆಸರಿಲ್ಲದೆ ಬರೆಸಿದರೆ ಸಾಕೇ?

ಉತ್ತರ: ಸಾಲದು. ನಾಲ್ವರಲ್ಲಿ ಯಾರ ಬರಹದ ಧಾಟಿ ಯಾರದೆಂದು ನಿಮಗೂ ಗೊತ್ತು, ಅವರಿಗೂ ಗೊತ್ತು. ನಿಮ್ಮ ಜೊತೆ ಕೆಲಸ ಮಾಡುವ ಬೇರೆ ವಿಭಾಗದವರನ್ನೂ ಸೇರಿಸಿ, ಉತ್ತರಗಳನ್ನು ಮೂರನೆಯವರೊಬ್ಬರು ಒಟ್ಟುಗೂಡಿಸಿ ಕೊಡಲಿ. ‘ನಾನು ಒಳ್ಳೆಯ ಮ್ಯಾನೇಜರಾ?’ ಎಂದು ಕೇಳಬೇಡಿ, ಹೊಗಳಿಕೆ ಬರುತ್ತದೆ. ನಡವಳಿಕೆ ಕೇಳಿ: ನಾನು ಯಾವುದನ್ನು ನಿಲ್ಲಿಸಿದರೆ ನಿಮ್ಮ ಕೆಲಸ ಸುಲಭವಾಗುತ್ತದೆ? ಕಳೆದ ತಿಂಗಳು ನನ್ನಿಂದಾಗಿ ಯಾವ ಕೆಲಸ ತಡವಾಯಿತು? ವಾರ್ಷಿಕ ಮೌಲ್ಯಮಾಪನದ ಹೊತ್ತಿನಲ್ಲಂತೂ ಇದು ಬೇಡ. ಉತ್ತರ ಬಂದ ವಾರದೊಳಗೆ ಏನು ಕೇಳಿಸಿಕೊಂಡಿರಿ, ಯಾವುದೊಂದನ್ನು ಬದಲಿಸುತ್ತೀರಿ ಎಂದು ಹೇಳದಿದ್ದರೆ ಮುಂದಿನ ಸಲ ಖಾಲಿ ಹಾಳೆಯೇ ಗತಿ.

ಪ್ರಶ್ನೆ: ಎಲ್ಲರ ಜೊತೆಗೂ ಒಂದೇ ಶೈಲಿ ಇರುವುದು ನ್ಯಾಯವಲ್ಲವೇ?

ಉತ್ತರ: ಗೌರವ ಒಂದೇ ಇರಲಿ, ಶೈಲಿ ಬೇಡ. ಶೈಲಿ ವ್ಯಕ್ತಿಗೂ ಕೆಲಸಕ್ಕೂ ತಕ್ಕಂತೆ ಬದಲಾಗಬೇಕು ಎಂಬುದೇ ನಿರ್ವಹಣಾ ತಜ್ಞರಾದ ಹರ್ಸಿ ಮತ್ತು ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ನಾಯಕತ್ವ ಮಾದರಿಯ ತಿರುಳು. ಸಂಶೋಧನೆಯಲ್ಲಿ ಅದಕ್ಕೆ ಸಿಕ್ಕ ಬೆಂಬಲ ಅರೆಬರೆ. ಆದರೂ ಅದು ಎತ್ತುವ ಪ್ರಶ್ನೆ ಉಪಯುಕ್ತ: ಈ ವ್ಯಕ್ತಿಗೆ ಈ ಕೆಲಸ ಎಷ್ಟು ಬರುತ್ತದೆ, ಮಾಡುವ ಮನಸ್ಸು ಎಷ್ಟಿದೆ? ಹದಿನೈದು ವರ್ಷ ಲೆಕ್ಕಪತ್ರ ನೋಡಿದವರಿಗೂ ಹೊಸ ಸಾಫ್ಟ್‌ವೇರ್ ಬಂದ ಮೊದಲ ವಾರ ಹೆಜ್ಜೆಹೆಜ್ಜೆಗೆ ಹೇಳಿಕೊಡಬೇಕಾಗುತ್ತದೆ. ಅದೇ ವಾರ ತಿಂಗಳ ಲೆಕ್ಕ ಮುಗಿಸುವುದನ್ನು ಅವರಿಗೇ ಬಿಡಬಹುದು.