ಬಾವಿ ಉಳಿಸಿ, ನಾರುಹುಣ್ಣನ್ನು ಮರೆಯಬೇಡಿ

ನಿಮ್ಮ ಪತ್ರ ಓದಿದೆ. ಮನೆಮನೆಗೆ ನಲ್ಲಿ ಬಂದದ್ದರಿಂದ ಗದಗ ತಾಲ್ಲೂಕಿನ ನಿಮ್ಮೂರಿನಲ್ಲಿ ಹಳೆಯ ಮೆಟ್ಟಿಲುಬಾವಿಗೆ ಮಣ್ಣು ತುಂಬಿಸಿ, ಪಕ್ಕದ ಒಗೆಯುವ ಕಲ್ಲುಗಳನ್ನು ಕೀಳುವ ಮಾತು ನಡೆದಿದೆ. ‘ಆ ನೀರು ಕುಡಿದವರಿಗೆ ರೋಗವೇ ಇರಲಿಲ್ಲ’ ಎಂದು ನಿಮ್ಮ ಅಜ್ಜಿ ಹೇಳುತ್ತಾರೆ. ಆ ಮಾತನ್ನೇ ಮುಂದಿಟ್ಟು ಬಾವಿ ಉಳಿಸಲು ಹೋರಾಡಬಹುದೇ ಎಂದು ಕೇಳಿದ್ದೀರಿ.

ಖಂಡಿತ ಹೋರಾಡಿ. ಆ ವಾದ ಮಾತ್ರ ಬೇಡ.

ನಿಮಗೆ ಹತ್ತಿರದ ಲಕ್ಕುಂಡಿಯಲ್ಲಿ ಮಾಣಿಕೇಶ್ವರ ಗುಡಿಯ ಮಗ್ಗುಲಿಗೇ ಮುಸುಕಿನ ಬಾವಿ ಇದೆ. ಒಮ್ಮೆ ಹೋಗಿ ನೋಡಿ. ಮೂರು ಕಡೆಯಿಂದ ಮೆಟ್ಟಿಲು, ಗೋಡೆಯಲ್ಲಿ ಪುಟ್ಟಪುಟ್ಟ ದೇವರ ಗೂಡುಗಳು. ಬೇಸಿಗೆಯಲ್ಲಿ ನೀರು ತಳ ಕಂಡಷ್ಟೂ ನಾಲ್ಕು ಮೆಟ್ಟಿಲು ಹೆಚ್ಚು ಇಳಿದು ಕೊಡ ಮುಳುಗಿಸಿದರಾಯಿತು, ಹಗ್ಗ ರಾಟೆಯ ಹಂಗಿಲ್ಲ. ಬಯಲುಸೀಮೆಗೆ ಎಷ್ಟು ಒಪ್ಪುವ ಕಟ್ಟಡ! ಆದರೆ ಇಂಥ ಬಾವಿಗಳಲ್ಲಿ ಕೊಡದ ಜೊತೆಗೆ ಕಾಲೂ ನೀರಿಗಿಳಿಯುತ್ತಿತ್ತು. ನಾರುಹುಣ್ಣು ಎಂಬ ಹುಳುವಿನ ರೋಗ ಹಬ್ಬಿದ್ದು ಹೀಗೆ.

ಕಾಲಿನಲ್ಲಿ ಬೊಬ್ಬೆ ಎದ್ದು ಬೆಂಕಿಯಂತೆ ಉರಿಯುತ್ತದೆ. ಉರಿ ತಾಳದೆ ಕಾಲನ್ನು ನೀರಿಗಿಟ್ಟರೆ ಬೊಬ್ಬೆ ಒಡೆದು, ಒಳಗಿನ ಹುಳು ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಕಣ್ಣಿಗೆ ಕಂಡೂ ಕಾಣದ ನೀರುಚಿಗಟಗಳು ಅವನ್ನು ನುಂಗುತ್ತವೆ, ಆ ನೀರನ್ನು ಊರು ಕುಡಿಯುತ್ತದೆ, ಮರಿ ಕುಡಿದವರ ಮೈಯೊಳಗೆ ಬೆಳೆಯುತ್ತದೆ. ಮೊಳಕ್ಕಿಂತ ಉದ್ದದ ಹುಳುವನ್ನು ಸಣ್ಣ ಕಡ್ಡಿಗೆ ದಿನಕ್ಕಿಷ್ಟಿಷ್ಟೇ ಸುತ್ತಿ ಎಳೆಯಬೇಕು. ನಡುವೆ ಹರಿದರೆ ಕಾಲು ಬಾತು ಕೀವಾಗುತ್ತದೆ. ಬಿತ್ತನೆಯ ಕಾಲದಲ್ಲಿ ಹೀಗೆ ಹಾಸಿಗೆ ಹಿಡಿದ ರೈತನ ಹೊಲ ಬೀಳುಬೀಳುತ್ತಿತ್ತು.

ಅಜ್ಜಿ ಸುಳ್ಳು ಹೇಳುತ್ತಿಲ್ಲ. ನೀರು ಕುಡಿದು ಹೆಚ್ಚುಕಡಿಮೆ ಒಂದು ವರ್ಷಕ್ಕೆ ಹುಳು ಹೊರಬರುತ್ತಿದ್ದುದರಿಂದ ಯಾರೂ ಬಾವಿಯನ್ನು ಶಂಕಿಸುತ್ತಿರಲಿಲ್ಲ. 1980ರ ದಶಕದಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿ, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿದರು, ಬಟ್ಟೆಯಲ್ಲಿ ಸೋಸಿ ಕುಡಿಯಲು ಮನೆಮನೆಗೆ ಹೇಳಿಕೊಟ್ಟರು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಇಷ್ಟು ದೊಡ್ಡ ಗೆಲುವು ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲವೆಂಬುದು ನನ್ನ ಸಂಕಟ.

ಅಜ್ಜಿಯನ್ನು ಇನ್ನೊಂದು ಮಾತೂ ಕೇಳಿ: ಆ ಮೆಟ್ಟಿಲು ಇಳಿಯಲು ಯಾರಿಗೆ ಬಿಡುತ್ತಿರಲಿಲ್ಲ? ಬ್ರಿಟಿಷರ ಕಾಲದಲ್ಲಿ ಗದಗ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. ಸಾರ್ವಜನಿಕ ಬಾವಿ, ಕೆರೆ ಎಲ್ಲರಿಗೂ ತೆರೆದಿರಬೇಕೆಂದು ಅಲ್ಲಿಯ ಶಾಸನಸಭೆ 1923ರಲ್ಲೇ ಠರಾವು ಮಾಡಿದ್ದರೂ, 1927ರಲ್ಲಿ ಅಂಬೇಡ್ಕರ್ ಅದೇ ಪ್ರಾಂತದ ಮಹಾಡ ಊರಿನ ಕೆರೆಯ ನೀರು ಮುಟ್ಟಲು ಸತ್ಯಾಗ್ರಹವನ್ನೇ ಮಾಡಬೇಕಾಯಿತು. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಎಂದು ಹೆಸರಿಟ್ಟೇ ಬರೆದಿರುವುದು ಸುಮ್ಮನೆ ಅಲ್ಲ. ಹೆಂಗಸರು ಕಷ್ಟಸುಖ ಹಂಚಿಕೊಂಡ ಜಾಗವೆಂದು ನೀವು ಬರೆದದ್ದು ನಿಜ. ಹೊರಗೆ ಕೊಡ ಹಿಡಿದು ಯಾರಾದರೂ ಹೊಯ್ಯಲಿ ಎಂದು ಕಾದವರ ಕಥೆಯನ್ನೂ ಬರೆದಿಡಿ.

ಗ್ರಾಮಸಭೆಯಲ್ಲಿ ಹೀಗೆ ಕೇಳಿ: ಹೂಳು ತೆಗೆಸಿ, ಸುತ್ತ ಕಟಾಂಜನ ಹಾಕಿಸಿ, ಕುಡಿಯಲು ನಲ್ಲಿ ನೀರೇ ಇರಲಿ, ಒಗೆದ ನೀರು ಬಾವಿಗೆ ಮರಳದಂತೆ ಗಟಾರು ತೋಡಿಸಿ. ಒಗೆದು ಒಗೆದು ನಡು ತಗ್ಗಾಗಿವೆ ಎಂದಿರಲ್ಲ, ಆ ಕಲ್ಲುಗಳನ್ನು ಇದ್ದ ಜಾಗದಿಂದ ಕದಲಿಸಗೊಡಬೇಡಿ. ಸಭೆಯಲ್ಲಿ ಏನಾಯಿತೆಂದು ಬರೆಯಿರಿ, ಪ್ರಕಟಿಸುತ್ತೇವೆ.

— ಸಂಪಾದಕ