ಚಾರ್ಲಿ ಹೇಡನ್ ಹಾಡು ಬಿಟ್ಟು ಬಾಸ್ ಹಿಡಿದದ್ದು

ಅಮೆರಿಕದ ಜಾಝ್ ಸಂಗೀತಗಾರ ಚಾರ್ಲಿ ಹೇಡನ್ ಹಾಡೋದು ಬಿಟ್ಟು ಬಾಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ) ಯಾಕೆ ಹಿಡಿದರು, ಪಾಠ ಹೇಳಿಕೊಡಲು ಶುರು ಮಾಡಿದ್ದು ಯಾವಾಗ ಅಂತ ಕೇಳಿದ್ದೀರಿ. 1937ರಲ್ಲಿ ಅಯೋವಾದಲ್ಲಿ ಹುಟ್ಟಿದವರು. 2 ವರ್ಷ ತುಂಬುವ ಮೊದಲೇ ಮನೆಯವರ ಜೊತೆ ರೇಡಿಯೋದಲ್ಲಿ ಹಾಡುತ್ತಿದ್ದರು. ಹದಿಹರೆಯದಲ್ಲಿ ಪೋಲಿಯೋ ಬಂದು ಗಂಟಲು ಸೋತಿತು. ಹಾಡು ನಿಂತಿತು. ಮನೆಯಲ್ಲಿ ಅಣ್ಣನ ಬಾಸ್ ಇತ್ತು, ಅದನ್ನೇ ಅಪ್ಪಿಕೊಂಡರು.

ನನಗಂತೂ ಅವರ ಬಾಸ್‌ನಲ್ಲಿ ಆ ಹಾಡುಗಾರನೇ ಕೇಳಿಸುತ್ತಾನೆ. 1959ರಲ್ಲಿ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಜೊತೆ ನುಡಿಸಿದ 'ಲೋನ್ಲಿ ವುಮನ್' ಕೇಳಿ. ಡ್ರಮ್ಸ್ ಓಡುತ್ತಿರುತ್ತದೆ. ಬಾಸ್ ಮಾತ್ರ ಎರಡೆರಡು ತಂತಿ ಒಟ್ಟಿಗೆ ಮೀಟುತ್ತಾ ನಿಧಾನಕ್ಕೆ ಸಾಗುತ್ತದೆ. ಎದೆ ಭಾರವಾಗುತ್ತದೆ, ಅಲ್ವಾ?

1969ರಲ್ಲಿ ಲಿಬರೇಶನ್ ಮ್ಯೂಸಿಕ್ ಆರ್ಕೆಸ್ಟ್ರಾ ಅನ್ನೋ ತಮ್ಮದೇ ಜಾಝ್ ತಂಡ ಕಟ್ಟಿದರು. ಇನ್ನು ಪಾಠ: 1982ರಲ್ಲಿ ಕ್ಯಾಲಿಫೋರ್ನಿಯಾದ ಕಲಾ ವಿದ್ಯಾಲಯ ಕ್ಯಾಲ್‌ಆರ್ಟ್ಸ್‌ನ ಜಾಝ್ ವಿಭಾಗ ಶುರು ಮಾಡಿದ್ದೇ ಅವರು. ಅವರ ಸಂಗೀತವನ್ನು ಹೆಡ್‌ಫೋನ್‌ನಲ್ಲೇ ಕೇಳಿ, ಫೋನ್ ಸ್ಪೀಕರ್‌ನಲ್ಲಿ ಬಾಸ್ ಜಾಸ್ತಿ ಕೇಳಿಸಲ್ಲ.