ತ್ರಿಶಂಕು ನೋಡಬೇಕಾ? ಈ ತಿಂಗಳು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ

ಬೇಸಿಗೆ ಮುಗಿಯುತ್ತಾ ಬಂತು. ಈ ಮೇ ತಿಂಗಳಿಗೆ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ದಕ್ಷಿಣದ ಆಕಾಶದ ಬಗ್ಗೆಯೇ ಇವೆ, ನೋಡಿ ತುಂಬಾ ಖುಷಿಯಾಯಿತು. ನಕ್ಷತ್ರ ನೋಡುವುದು ಅಂದರೆ ಎಲ್ಲರೂ ನೆತ್ತಿಯ ಮೇಲೆ ನೋಡುತ್ತಾರೆ. ದಕ್ಷಿಣದ ಅಂಚಿನ ಕಡೆ ಕಣ್ಣು ಹೋಗುವುದೇ ಇಲ್ಲ. ನಮ್ಮ ರಾಜ್ಯದಿಂದ ಚೆನ್ನಾಗಿ ಕಾಣುವ, ಉತ್ತರ ಭಾರತದವರಿಗೆ ಸಿಗದ ನಕ್ಷತ್ರಗಳು ಇರುವುದು ಅಲ್ಲೇ. ತ್ರಿಶಂಕು (ಸದರ್ನ್ ಕ್ರಾಸ್) ಎಂಬ ನಾಲ್ಕು ನಕ್ಷತ್ರಗಳ ಶಿಲುಬೆಯೂ ಅಲ್ಲೇ.

ಪ್ರಶ್ನೆ: ಏಪ್ರಿಲ್ ಮೊದಲ ವಾರ ರಾತ್ರಿ 8 ಗಂಟೆಗೆ ನಮ್ಮ ತೋಟದ ಮನೆ ಅಂಗಳದಿಂದ ದಕ್ಷಿಣಕ್ಕೆ ನಾಲ್ಕು ನಕ್ಷತ್ರಗಳ ಶಿಲುಬೆ ಕಂಡಿತು. ಇದೇ ತ್ರಿಶಂಕು ಅಂತ ಮಕ್ಕಳಿಗೆ ತೋರಿಸಿದೆ. ದೆಹಲಿಯಲ್ಲಿರುವ ನನ್ನ ತಮ್ಮ ‘ಅದು ನಮಗೆ ಕಾಣಲ್ಲ, ನಿಮಗೆ ಹೇಗೆ ಕಾಣುತ್ತೆ’ ಅಂತಾನೆ. ನಾನು ನೋಡಿದ್ದು ತ್ರಿಶಂಕುನೇ ತಾನೇ?
— ಹಾಸನದ ಓದುಗರು

ಉತ್ತರ: ನಿಮ್ಮ ತಮ್ಮ ಹೇಳಿದ್ದು ಅವರ ಊರಿನ ಮಟ್ಟಿಗೆ ಸರಿ. ತ್ರಿಶಂಕುವಿನ ಬುಡದ ನಕ್ಷತ್ರ ಏಕ್ರಕ್ಸ್ ಅಲ್ಲಿ ಹುಟ್ಟುವುದೇ ಇಲ್ಲ. ಹಾಸನ, ಬೆಂಗಳೂರು, ಮಂಗಳೂರು ಎಲ್ಲ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ. ಇಲ್ಲಿ ಅದೇ ನಕ್ಷತ್ರ ದಿಗಂತದಿಂದ ಸುಮಾರು 14 ಡಿಗ್ರಿ ಮೇಲೆ ಬರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಅಂದರೆ ಒಂದೂವರೆ ಮುಷ್ಟಿ ಎತ್ತರ. ಉತ್ತರಕ್ಕೆ ತಿರುಗಿದರೆ ಧ್ರುವ ನಕ್ಷತ್ರವೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ಒಂದೇ ಅಂಗಳದಲ್ಲಿ ನಿಂತು ಈ ಕಡೆ ಧ್ರುವ, ಆ ಕಡೆ ತ್ರಿಶಂಕು ಎರಡನ್ನೂ ನೋಡಬಹುದು. ಭೂಮಿಯ ಮೇಲೆ ಎಲ್ಲ ಕಡೆ ಈ ಸೌಲಭ್ಯ ಇಲ್ಲ.

ಆದರೆ ನೀವು ನೋಡಿದ್ದು ತ್ರಿಶಂಕು ಅಲ್ಲ. ಏಪ್ರಿಲ್ ಮೊದಲಲ್ಲಿ ರಾತ್ರಿ 8ಕ್ಕೆ ಅದು ಆಗಷ್ಟೇ ಹುಟ್ಟುತ್ತಿರುತ್ತದೆ, ಮರಗಿಡದ ಹಿಂದೆ ಕಾಣಿಸುವುದಿಲ್ಲ. ಆ ಹೊತ್ತಿಗೆ ದಕ್ಷಿಣದಲ್ಲಿ ಎದ್ದು ನಿಂತಿರುವುದು ‘ಹುಸಿ ಶಿಲುಬೆ’. ಅಗಸ್ತ್ಯ ನಕ್ಷತ್ರಕ್ಕೆ ಎಡಗಡೆ, ವೇಲಾ ಮತ್ತು ಕರೀನಾ ನಕ್ಷತ್ರಪುಂಜಗಳ ತಲಾ ಎರಡು ನಕ್ಷತ್ರ ಸೇರಿ ಆಗಿರುವ ಆಕಾರ ಅದು. ಹಳೇ ಕಾಲದ ನಾವಿಕರೂ ಇದನ್ನು ನೋಡಿ ದಾರಿ ತಪ್ಪುತ್ತಿದ್ದರು, ಹಾಗಾಗಿ ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳಿಗೆ ಈಗ ಎರಡನ್ನೂ ತೋರಿಸಿ. ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಹುಸಿ ಶಿಲುಬೆ ದೊಡ್ಡದು, ಅದರ ನಾಲ್ಕೂ ನಕ್ಷತ್ರಗಳು ಸುಮಾರಾಗಿ ಒಂದೇ ಮಂಕು. ತ್ರಿಶಂಕು ಚಿಕ್ಕ ಗಾಳಿಪಟದ ಹಾಗೆ ಒತ್ತಾಗಿದೆ, ಉದ್ದ ಬರೀ 6 ಡಿಗ್ರಿ. ಆಕಾಶದ 88 ಪುಂಜಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಇದೇ. ಮೂರು ನಕ್ಷತ್ರ ಚೆನ್ನಾಗಿ ಹೊಳೆಯುತ್ತವೆ, ನಾಲ್ಕನೆಯದು ಸ್ವಲ್ಪ ಕಡಿಮೆ. ಎಡಗಡೆ ಎರಡು ಪ್ರಕಾಶಮಾನ ನಕ್ಷತ್ರಗಳು, ಆಲ್ಫಾ ಸೆಂಟಾರಿ ಮತ್ತು ಬೀಟಾ ಸೆಂಟಾರಿ, ಬೆರಳು ಮಾಡಿ ತೋರಿಸುವ ಹಾಗೆ ಅದರ ಕಡೆಗೇ ಇರುತ್ತವೆ. ಈ ಜೋಡಿ ಇಲ್ಲದಿದ್ದರೆ ಅದು ತ್ರಿಶಂಕು ಅಲ್ಲ.

ಹುಡುಕುವುದಕ್ಕೆ ನಾನು ಎಲ್ಲರಿಗೂ ಹೇಳುವ ದಾರಿ ಹಸ್ತಾ ನಕ್ಷತ್ರದ್ದು. ಸಪ್ತರ್ಷಿ ಮಂಡಲದ ಬಾಲದ ಬಾಗನ್ನೇ ಮುಂದಕ್ಕೆ ಎಳೆಯಿರಿ, ಮೊದಲು ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ, ಇನ್ನೂ ಮುಂದೆ ಹೋದರೆ ನೀಲಿ ಬಿಳುಪಿನ ಚಿತ್ತಾ, ಅದರ ಬಲಗಡೆ ನಾಲ್ಕು ನಕ್ಷತ್ರಗಳ ಓರೆ ಚೌಕವೇ ಹಸ್ತಾ. ಹಸ್ತಾ ನೇರ ದಕ್ಷಿಣಕ್ಕೆ ಬಂದಾಗ ಅಲ್ಲಿಂದ ಕೆಳಗೆ, ಸುಮ್ನೆ ನೇರ ಕೆಳಗೆ, ದಿಗಂತದ ಹತ್ತಿರದವರೆಗೆ ಕಣ್ಣು ಇಳಿಸಿ. ತ್ರಿಶಂಕು ನೆಟ್ಟಗೆ ನಿಂತಿರುತ್ತದೆ. ಮೇ ಮೊದಲ ವಾರ ಇದು ಆಗುವುದು ರಾತ್ರಿ 10ರ ಸುಮಾರಿಗೆ, ಮೇ 15ಕ್ಕೆ ಸುಮಾರು 9 ಕಾಲಿಗೆ, ತಿಂಗಳ ಕೊನೆಗೆ 8 ಕಾಲಿಗೇ. ದಿನಕ್ಕೆ 4 ನಿಮಿಷ ಬೇಗ ಬರುತ್ತಾ ಹೋಗುತ್ತದೆ.

ಪ್ರಶ್ನೆ: ಕಲಬುರಗಿಯಿಂದಲೂ ಕಾಣುತ್ತದಾ?

ಉತ್ತರ: ಕಾಣುತ್ತದೆ. ಬುಡದ ನಕ್ಷತ್ರ ಒಂದು ಮುಷ್ಟಿಗಿಂತ ಸ್ವಲ್ಪ ಕಡಿಮೆ ಎತ್ತರ, ಅಷ್ಟೇ. ನಿಮ್ಮ ಬಯಲು ಸೀಮೆಯಲ್ಲಿ ಗುಡ್ಡ ಅಡ್ಡ ಬರುವುದಿಲ್ಲ, ಅದು ನಿಮಗೆ ಅನುಕೂಲ. ಊರಿನ ದಕ್ಷಿಣದ ಹೊರವಲಯಕ್ಕೆ ಹೋಗಿ ನಿಲ್ಲಿ, ಆಗ ಊರಿನ ಬೆಳಕು ಬೆನ್ನ ಹಿಂದೆ ಬೀಳುತ್ತದೆ. ಉತ್ತರಕ್ಕೆ ಹೋದರೆ ಆ ಬೆಳಕಿನ ಮೇಲಿಂದಲೇ ನೋಡಬೇಕಾಗುತ್ತದೆ.

ಪ್ರಶ್ನೆ: ನನ್ನ ಹತ್ತಿರ 10x50 ಬೈನಾಕ್ಯುಲರ್ ಇದೆ, ಟೆಲಿಸ್ಕೋಪ್ ಇಲ್ಲ. ಈ ದಿಕ್ಕಿನಲ್ಲಿ ಏನು ನೋಡಬಹುದು?
— ಮೈಸೂರಿನ ಓದುಗರು

ಉತ್ತರ: ಒಮೆಗಾ ಸೆಂಟಾರಿ! ಬೇರೆ ಏನೂ ನೋಡದಿದ್ದರೂ ಇದೊಂದನ್ನು ನೋಡಿ. ಚಿತ್ತಾ ನಕ್ಷತ್ರ ನೇರ ದಕ್ಷಿಣಕ್ಕೆ ಬರುವ ಹೊತ್ತಿಗೆ, ಅಂದರೆ ತ್ರಿಶಂಕು ನೆಟ್ಟಗಾದ ಒಂದು ಗಂಟೆ ನಂತರ, ಚಿತ್ತಾದಿಂದ ಮೂರೂವರೆ ಮುಷ್ಟಿ ಕೆಳಗೆ ಬನ್ನಿ. ಒಳ್ಳೆಯ ಕತ್ತಲಿದ್ದರೆ ಬರಿಗಣ್ಣಿಗೇ ಮಸುಕು ಚುಕ್ಕಿ ಕಾಣುತ್ತದೆ. ಬೈನಾಕ್ಯುಲರ್ ಇಟ್ಟರೆ ಅದು ಚುಕ್ಕಿಯಲ್ಲ, ದುಂಡಗಿನ ಮಂಜಿನಂಥ ಬೆಳಕು. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ಕೋಟಿಯಷ್ಟು ನಕ್ಷತ್ರಗಳು ಒಟ್ಟಿಗೆ ಇರುವ ಗುಚ್ಛ ಅದು. ಹಳೇ ಕಾಲದ ಖಗೋಳಜ್ಞ ಟಾಲೆಮಿ ಅದನ್ನು ಒಂದು ನಕ್ಷತ್ರ ಅಂತಲೇ ಪಟ್ಟಿಯಲ್ಲಿ ಸೇರಿಸಿದ್ದ. ಇಂಗ್ಲಿಷ್ ಖಗೋಳಜ್ಞ ಎಡ್ಮಂಡ್ ಹ್ಯಾಲಿ 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿ ಇದು ಬರೀ ನಕ್ಷತ್ರ ಅಲ್ಲ ಎಂದು ಗುರುತಿಸಿದ. ನಮ್ಮ ಹಾಲುಹಾದಿ ಹಿಂದೆಂದೋ ನುಂಗಿದ ಚಿಕ್ಕ ಗ್ಯಾಲಕ್ಸಿಯೊಂದರ ಉಳಿದ ತಿರುಳು ಇದು ಇರಬಹುದು ಎಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ನಮ್ಮಲ್ಲಿ ಇದು ಸುಮಾರು 30 ಡಿಗ್ರಿ ಮೇಲೆ ಬರುತ್ತದೆ, ಯುರೋಪಿನ ಬಹುಪಾಲು ಜನರಿಗೆ ಕಾಣುವುದೇ ಇಲ್ಲ.

ಆಲ್ಫಾ ಸೆಂಟಾರಿಯನ್ನೂ ನೋಡಿ. ದೂರ ಸುಮಾರು 4.4 ಜ್ಯೋತಿರ್ವರ್ಷ, ಸೂರ್ಯನ ನೆರೆಮನೆ. ಅದು ಒಂದಲ್ಲ, ಜೋಡಿ ನಕ್ಷತ್ರ. ಬೈನಾಕ್ಯುಲರಿನಲ್ಲಿ ಬೇರೆ ಬೇರೆ ಕಾಣಲ್ಲ, ಅದಕ್ಕೆ ಟೆಲಿಸ್ಕೋಪ್ ಬೇಕು. ಆದರೆ ಆ ಜೋಡಿಯನ್ನು ಮೊದಲು ಗುರುತಿಸಿದ್ದು ಎಲ್ಲಿ ಗೊತ್ತಾ? ಪುದುಚೇರಿಯಲ್ಲಿ. 1689ರಲ್ಲಿ ಅಲ್ಲಿದ್ದ ಫ್ರೆಂಚ್ ಪಾದ್ರಿ ಜಾನ್ ರಿಷೋ ಒಂದು ಧೂಮಕೇತುವನ್ನು ನೋಡುತ್ತಿದ್ದಾಗ ಇದು ಕಣ್ಣಿಗೆ ಬಿತ್ತು. ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿ ಬರುವ ಊರು! ಇದನ್ನು ನಮ್ಮ ಶಾಲೆಗಳಲ್ಲಿ ಯಾಕೆ ಹೇಳುವುದಿಲ್ಲವೋ, ಹೇಳಲೇಬೇಕು.

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಇಲ್ಲಿ ಬೇಸಿಗೆ ಮುಗಿಯುವುದು ಫೆಬ್ರವರಿ, ಮಾರ್ಚಿಗೆ. ಆಗ ಮಹಾವ್ಯಾಧ (ಓರಿಯನ್ ಪುಂಜ) ತಲೆಕೆಳಗಾಗಿ ಕಾಣುತ್ತಾನೆ, ಮಗಳು ಯಾಕೆ ಅಂತ ಕೇಳುತ್ತಾಳೆ. ಇಲ್ಲಿ ನೋಡಲೇಬೇಕಾದ್ದು ಯಾವುದು?

ಉತ್ತರ: ತಲೆಕೆಳಗಾಗಿರುವುದು ಮಹಾವ್ಯಾಧ ಅಲ್ಲ, ನೋಡುವವರು! ಊರಿನಲ್ಲಿ ಅಜ್ಜಿ ನಿಂತಿರುವುದಕ್ಕೂ ಅಲ್ಲಿ ನಿಮ್ಮ ಮಗಳು ನಿಂತಿರುವುದಕ್ಕೂ ಭೂಗೋಳದ ಮೇಲೆ 50 ಡಿಗ್ರಿ ಓರೆ ಇದೆ. ಒಂದು ಗೋಳದ ಮೇಲೆ ಎರಡು ಗೊಂಬೆ ಅಂಟಿಸಿ ತೋರಿಸಿ, ತಕ್ಷಣ ಅರ್ಥವಾಗುತ್ತದೆ.

ನೋಡಲೇಬೇಕಾದ್ದು ಮೆಗಲ್ಲಾನಿಕ್ ಮೋಡಗಳು. ಊರ ಬೆಳಕಿನಿಂದ ದೂರ ಹೋದರೆ ಹಾಲುಹಾದಿಯಿಂದ ಬೇರೆಯಾಗಿ ಎರಡು ಬೆಳ್ಳಗಿನ ತುಂಡುಗಳು ಬರಿಗಣ್ಣಿಗೇ ಕಾಣುತ್ತವೆ, ಎರಡೂ ಬೇರೆ ಗ್ಯಾಲಕ್ಸಿಗಳು. ದೊಡ್ಡದರ ದೂರ ಸುಮಾರು 1,60,000 ಜ್ಯೋತಿರ್ವರ್ಷ. ಬೆಂಗಳೂರಿನಿಂದ ಇದು 8 ಡಿಗ್ರಿಗಿಂತ ಮೇಲೆ ಬರುವುದಿಲ್ಲ, ಹೆಚ್ಚಾಗಿ ಮಬ್ಬಿನಲ್ಲೇ ಕಳೆದುಹೋಗುತ್ತದೆ. ನಿಮಗೆ ಅದು ತುಂಬಾ ಎತ್ತರದಲ್ಲಿ ಸಿಗುತ್ತದೆ. 1987ರ ಫೆಬ್ರವರಿಯಲ್ಲಿ ಅದರೊಳಗೆ ಒಂದು ನಕ್ಷತ್ರ ಸಿಡಿದು, ಬರಿಗಣ್ಣಿಗೆ ಕಾಣುವ ಸೂಪರ್‌ನೋವಾ ಆಗಿತ್ತು. ತ್ರಿಶಂಕುವಿನ ಪಕ್ಕದ ಕಪ್ಪು ಕಲೆ, ಕೋಲ್‌ಸ್ಯಾಕ್, ಅದನ್ನೂ ಬಿಡಬೇಡಿ. ಅಲ್ಲಿನ ಮೂಲನಿವಾಸಿಗಳಲ್ಲಿ ಹಲವರು ಅದನ್ನು ಎಮು ಹಕ್ಕಿಯ ತಲೆಯಾಗಿ ನೋಡುತ್ತಾರೆ, ಕುತ್ತಿಗೆ, ಮೈ ಎಲ್ಲ ಹಾಲುಹಾದಿಯ ಕತ್ತಲೆಯ ಭಾಗಗಳಲ್ಲೇ. ಅಂಥ ಕಲ್ಪನೆ ನನಗೆ ಬಹಳ ಇಷ್ಟ.

ಪ್ರಶ್ನೆ: ಸಂಜೆಯಾದರೆ ಗುಡುಗು, ಮಳೆ. ನೋಡುವುದು ಯಾವಾಗ? ಇನ್ನೊಂದು, ಭರಣಿ ಮಳೆ ಬೀಳುವಾಗ ಭರಣಿ ನಕ್ಷತ್ರ ಎಲ್ಲಿರುತ್ತದೆ?
— ಸಾಗರದ ಓದುಗರು

ಉತ್ತರ: ಭರಣಿ ಆಗ ಸೂರ್ಯನ ಜೊತೆ ಹಗಲಲ್ಲಿರುತ್ತದೆ, ಕಾಣುವುದಿಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿ ಇರುತ್ತಾನೋ ಆ ಮಳೆಗೆ ಆ ಹೆಸರು.

ಮಳೆಯನ್ನು ಬೈಯಬೇಡಿ. ದಿಗಂತದಿಂದ 14 ಡಿಗ್ರಿ ಮೇಲಿರುವ ನಕ್ಷತ್ರದ ಬೆಳಕು, ನೆತ್ತಿಯ ಮೇಲಿನದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಗಾಳಿ ದಾಟಿ ಬರಬೇಕು. ಬೇಸಿಗೆಯ ಧೂಳು ಅಲ್ಲೇ ತೊಂದರೆ ಕೊಡುವುದು. ಒಂದು ಒಳ್ಳೆಯ ಮಳೆ ಬಂದು ಧೂಳು ತೊಳೆದು, ಮೋಡ ಸರಿದರೆ ಆ ರಾತ್ರಿಯೇ ಹೊರಡಿ. ಅಮಾವಾಸ್ಯೆಯ ಆಚೀಚೆ ಇದ್ದರೆ ಇನ್ನೂ ಚೆನ್ನ. ಮೊಬೈಲ್ ಒಳಗಿಟ್ಟು ಅರ್ಧ ಗಂಟೆ ಕತ್ತಲಲ್ಲಿ ಕಣ್ಣು ಪಳಗಲು ಬಿಡಿ. ಮೋಡ ಬಿಡಲೇ ಇಲ್ಲ ಅಂದರೆ ಜನವರಿಗೆ ಕಾಯಿರಿ. ಆ ತಿಂಗಳ ನಡುವೆ ಬೆಳಗಿನ ಜಾವ 5 ಕಾಲಿಗೆ ತ್ರಿಶಂಕು ಇದೇ ಜಾಗದಲ್ಲಿ ನೆಟ್ಟಗೆ ನಿಂತಿರುತ್ತದೆ.